ನಮ್ಮೂರಿನ ರೇಡಿಯೊ ಕಾಕಾ



ಕಳೆದ ಮಳೆಗಾಲದ ಒಂದು ಮುಂಜಾನೆ ಕೆಂಭಾವಿಯಿಂದ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ, "ಸರ್, ರೇಡಿಯೊ ಕಾಕಾ ಹೋದ್ರು" ಎಂದ. ನಾನು ಕಲಬುರಗಿಯಲ್ಲಿ ಮಗನ ಮನೆಯಲ್ಲಿದ್ದೆ. ಮಣ್ಣಿಗೆ ಹೋಗುವುದಾಗಲಿಲ್ಲ. ಮೂರನೆಯ ದಿನ ಹೋಗಿ, ಅವರ ಮನೆಯವರನ್ನು ಕಂಡು ಬಂದೆ. ಬಂದ ಮೇಲೂ ಮನಸ್ಸು ಆ ಅಂಗಡಿಯ ಮುಂದಿನ ಬೆಂಚಿನ ಮೇಲೆಯೇ ಕುಳಿತಿದೆ.

ಧ್ವನಿಯ ಲೋಕದ ದೊಡ್ಡವರು ಒಬ್ಬೊಬ್ಬರಾಗಿ ತೆರಳುತ್ತಿದ್ದಾರೆ. ಕ್ಯಾಸೆಟ್ಟನ್ನು ರೂಪಿಸಿದ ಫಿಲಿಪ್ಸ್ ಕಂಪನಿಯ ಎಂಜಿನಿಯರ್ ಲೂ ಒಟೆನ್ಸ್ 2021ರ ಮಾರ್ಚಿನಲ್ಲಿ ತೀರಿಕೊಂಡರು. ಬಿನಾಕಾ ಗೀತಮಾಲಾದ ಅಮೀನ್ ಸಯಾನಿ 2024ರ ಫೆಬ್ರವರಿಯಲ್ಲಿ ಅಗಲಿದರು. ಬಿಪಿಎಲ್ ಸ್ಥಾಪಕ ಟಿ.ಪಿ.ಜಿ. ನಂಬಿಯಾರ್ ಅದೇ ವರ್ಷದ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ನಿಧನರಾದರು. ಇವರೆಲ್ಲರ ಬಗ್ಗೆ ಪತ್ರಿಕೆಗಳು ಬರೆದವು, ಬರೆಯಬೇಕಾದದ್ದೇ. ಆದರೆ ಇವರು ಮಾಡಿದ್ದನ್ನು ನಮ್ಮ ಕಿವಿಯವರೆಗೆ ತಂದು ಮುಟ್ಟಿಸಿದವರು ಸಣ್ಣ ಊರುಗಳ ಸಣ್ಣ ಅಂಗಡಿಕಾರರು. ಅವರ ಬಗ್ಗೆ ಬರೆಯುವವರು ಯಾರು? ಆ ಕಾರಣಕ್ಕೆ ಈ ನಾಲ್ಕು ಮಾತು. ಕಾಕಾ ಅವರಿಗೆ ಪ್ರಚಾರ ಎಂದೂ ಸೇರದು. ಆದ್ದರಿಂದ ಹೆಸರನ್ನು ಬರೆಯುವುದಿಲ್ಲ. ನಮ್ಮೂರಿನವರಿಗೆ ಹೆಸರು ಬೇಕಾಗಿಯೂ ಇಲ್ಲ.

ಕಲಬುರಗಿಯ ಆಕಾಶವಾಣಿ ಕೇಂದ್ರ 1966ರಲ್ಲಿ ಆರಂಭವಾಯಿತು. ಅದಾದ ಒಂದೆರಡು ವರ್ಷಗಳಲ್ಲೇ ಕಾಕಾ ಅಂಗಡಿ ತೆರೆದರು. ಹುಡುಗನಾಗಿದ್ದಾಗಲೇ ಹೈದರಾಬಾದಿಗೆ ಹೋಗಿ, ಕೋಠಿಯ ಅಂಗಡಿಯೊಂದರಲ್ಲಿ ರೇಡಿಯೊ ರಿಪೇರಿ ಕಲಿತು ಬಂದಿದ್ದರು. ಆಗ ರೇಡಿಯೊ ಇರುವ ಮನೆಯೆಂದರೆ ಊರಿಗೆ ಬೆರಳೆಣಿಕೆ. ಅದನ್ನು ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ವರ್ಷವರ್ಷವೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪುಸ್ತಕದಲ್ಲಿ ಮೊಹರು ಹಾಕಿಸಬೇಕಿತ್ತು. ವಾಲ್ವ್ ರೇಡಿಯೊ ಹಚ್ಚಿದರೆ ಕೂಡಲೇ ಮಾತನಾಡುತ್ತಿರಲಿಲ್ಲ. ಒಳಗಿನ ಗಾಜಿನ ಬುಡ್ಡಿಗಳು ಕಾದು ಕೆಂಪಾಗುವವರೆಗೆ ನಾವು ಮಕ್ಕಳು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಮೊದಲು ಗುಂಯ್ ಎಂಬ ಸದ್ದು, ಆಮೇಲೆ ಎಲ್ಲಿಯೋ ದೂರದಿಂದ ನಡೆದು ಬಂದಂತೆ ಮನುಷ್ಯನ ದನಿ.

ಅಂಗಡಿಯೆಂದರೆ ಒಂದು ಕೋಣೆ, ಒಂದು ಮೇಜು, ಗೋಡೆಯ ತುಂಬ ಬಿಚ್ಚಿಟ್ಟ ಸೆಟ್ಟುಗಳು. ಹೊರಗೆ ಬೆಂಚು. ಆ ಬೆಂಚಿನ ಮೇಲೆ ಕೂಡಲು ಏನನ್ನೂ ಕೊಳ್ಳಬೇಕಾಗಿರಲಿಲ್ಲ. ಸಂತೆಗೆ ಬಂದ ರೈತರು, ಹಮಾಲರು, ಶಾಲೆ ಬಿಟ್ಟ ಮಕ್ಕಳು ಎಲ್ಲರೂ ಕುಳಿತು ಕೇಳುತ್ತಿದ್ದರು. ಭೀಮಸೇನ ಜೋಶಿಯವರ ದನಿಯನ್ನೂ, ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನವನ್ನೂ ನಾನು ಮೊದಲು ಕೇಳಿದ್ದು ಅಲ್ಲಿಯೇ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯ ಸುದ್ದಿಯನ್ನು ಆಕಾಶವಾಣಿ ಸಂಜೆಯವರೆಗೂ ಹೇಳಲಿಲ್ಲ. ಬಿಬಿಸಿ ಮೊದಲೇ ಹೇಳಿತ್ತು. ಆ ಮಧ್ಯಾಹ್ನ ಕಾಕಾ ಹಾಡು ನಿಲ್ಲಿಸಿ, ಶಾರ್ಟ್‌ವೇವ್ ಸೆಟ್ಟನ್ನು ಮೇಜಿನ ಮೇಲೆ ತಂದಿಟ್ಟು ಎದ್ದು ನಿಂತರು. ಬೀದಿಯೂ ಅವರೊಡನೆ ನಿಂತಿತು.

ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಪೂರ್ಣಗೊಂಡು, ಕಾಲುವೆಯ ನೀರು ನಮ್ಮ ಭಾಗದ ಹೊಲಗಳಿಗೆ ಹರಿಯತೊಡಗಿದ ಮೇಲೆ ಜನರ ಕೈಯಲ್ಲಿ ನಾಲ್ಕು ಕಾಸು ಆಡಿತು. ಮನೆಮನೆಗೆ ಟೇಪ್‌ರೆಕಾರ್ಡರ್ ಬರತೊಡಗಿತು. ಆಗ ಕಾಕಾ ಪೇಂಟರನನ್ನು ಕರೆಸಿ ಬೋರ್ಡಿನ ಮೇಲೆ "ಹೈ-ಫೈ" ಎಂದು ಬರೆಸಿದರು. ಬರೆಸಿದ ಮೇಲೆ ನನ್ನನ್ನು ಕರೆದು, "ಸರ್, ಎಲ್ಲಾರೂ ಬರಸ್ತಾರಂತ ನಾನೂ ಬರಸೀನಿ. ಇದರ ಅರ್ಥ ಏನ್ರಿ?" ಎಂದು ಕೇಳಿದರು. ನಾನು ಆಗತಾನೆ ಬಿ.ಎಡ್. ಮುಗಿಸಿ ಊರಿನಲ್ಲಿ ವಿಜ್ಞಾನ ಶಿಕ್ಷಕನಾಗಿದ್ದೆ. ಹೈ ಫಿಡೆಲಿಟಿ ಎಂಬುದರ ಸಂಕ್ಷೇಪ ಅದು, ಫಿಡೆಲಿಟಿ ಎಂದರೆ ನಿಷ್ಠೆ, ಎಂದು ಪಾಠದ ಧಾಟಿಯಲ್ಲಿ ವಿವರಿಸಿದೆ. ಅವರು ಸ್ವಲ್ಪ ಯೋಚಿಸಿ, "ಅಂದ್ರ ಅವ್ರು ಹಾಡಿದ್ದು ಹಾಡಿದ್ಹಂಗ ಕೇಳಸಬೇಕು. ನಾವು ನಡುವ ಕೈ ಹಾಕಬಾರ್ದು" ಎಂದರು. ನಾನು ಹೇಳಿದ್ದಕ್ಕಿಂತ ಅದೇ ಸರಿಯಾದ ಅರ್ಥವೆಂದು ತಿಳಿಯಲು ನನಗೆ ವರ್ಷಗಳು ಬೇಕಾದವು.

ಗಿರಾಕಿಗೆ ಕೇಳಿಸದೆ ಅವರು ಏನನ್ನೂ ಮಾರುತ್ತಿರಲಿಲ್ಲ. ಸಂಬಳದ ಬಾಕಿ ಬಂದ ಹುರುಪಿನಲ್ಲಿ ನಾನು ಬಣ್ಣಬಣ್ಣದ ದೀಪಗಳು ಕುಣಿಯುವ, ಎರಡು ಕ್ಯಾಸೆಟ್ಟಿನ ಸೆಟ್ ಕೊಳ್ಳಲು ಹೋಗಿದ್ದೆ. "ಕಣ್ಣು ಮುಚ್ಚರಿ ಸರ್" ಎಂದರು. ಒಂದೇ ಹಾಡನ್ನು ಎರಡು ಸೆಟ್ಟುಗಳಲ್ಲಿ ಹಚ್ಚಿದರು. ಯಾವುದು ಚೆಂದವೆಂದು ಕೇಳಿದರು. ನಾನು ಬೆರಳು ತೋರಿಸಿದ್ದು ದೀಪಗಳಿಲ್ಲದ, ಅರ್ಧ ಬೆಲೆಯ ಸೆಟ್ಟಿನ ಕಡೆಗೆ. "ದೀಪ ನೋಡಲಿಕ್ಕ ದೀಪಾವಳಿ ಅದ" ಎಂದು ನಕ್ಕರು. ದುಬಾರಿಯದನ್ನು ಮಾರಿದ್ದರೆ ಅವರಿಗೇ ಲಾಭವಿತ್ತು.

ಈಗ ನನ್ನ ತಪ್ಪಿನ ವಿಷಯ. ಇದನ್ನು ಇಷ್ಟು ದಿನ ಯಾರ ಮುಂದೆಯೂ ಹೇಳಿಲ್ಲ.

1986ರಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪದೇ ಪದೇ ಗೈರುಹಾಜರಾಗುತ್ತಿದ್ದ. ಕಾಕಾ ಅವರ ಅಂಗಡಿಯಲ್ಲಿ ಕೂಡುತ್ತಾನೆಂದು ತಿಳಿಯಿತು. ಹೊಸ ಮಾಸ್ತರನ ಬಿಸಿರಕ್ತ. ನೇರವಾಗಿ ಹೋಗಿ, ಬೆಂಚಿನ ಮೇಲಿದ್ದ ನಾಲ್ಕು ಜನರ ಮುಂದೆಯೇ, "ಬಡ ಮಕ್ಕಳನ್ನು ಪುಗಸಟ್ಟೆ ದುಡಿಸಿಕೊಂಡು ಹಾಳು ಮಾಡುತ್ತಿದ್ದೀರಿ. ನಿಮಗೆ ವಿದ್ಯೆಯ ಬೆಲೆ ಗೊತ್ತಿಲ್ಲ" ಎಂದು ಕೂಗಾಡಿದೆ. ಕಾಕಾ ಕೈಯಲ್ಲಿದ್ದ ಸೋಲ್ಡರ್ ಕಡ್ಡಿಯನ್ನು ಕೆಳಗಿಟ್ಟರು. "ನಾಳಿಯಿಂದ ಬರ್ತಾನ್ರಿ ಸರ್" ಎಂದರು. ಅಷ್ಟೇ. ಮರುದಿನ ಹುಡುಗ ತರಗತಿಯಲ್ಲಿದ್ದ.

ಕೆಲವು ದಿನಗಳ ಬಳಿಕ ವಿದ್ಯುತ್ಕಾಂತತೆಯ ಪಾಠ ನಡೆದಿತ್ತು. ಆ ಹುಡುಗ ಎದ್ದು ನಿಂತು, "ಸರ್, ಸ್ಪೀಕರಿನ ಎರಡು ವೈರ್ ಅದಲುಬದಲು ಮಾಡಿದ್ರ ಏನಾಗ್ತದ್ರಿ?" ಎಂದ. ಏನೂ ಆಗುವುದಿಲ್ಲ, ಕೂಡು ಎಂದೆ. "ಒಂದೇ ಇದ್ರ ಏನೂ ಆಗೂದಿಲ್ರಿ. ಎರಡಿದ್ರ ಆಗ್ತದ್ರಿ" ಎಂದ. ತರಗತಿ ನಕ್ಕಿತು. ನನಗೆ ಸಿಟ್ಟು ಬಂದಿತಾದರೂ, ಹಾಗಾದರೆ ನಾಳೆ ತೋರಿಸು ಎಂದು ಸವಾಲು ಹಾಕಿದೆ.

ಮರುದಿನ ಅವನು ಹಳೆಯ ಸ್ಪೀಕರೊಂದನ್ನೂ, ಟಾರ್ಚಿನ ಒಂದು ಶೆಲ್ಲನ್ನೂ ತಂದ. ಶೆಲ್ಲಿನ ಎರಡು ತುದಿಗಳಿಗೆ ವೈರ್ ಮುಟ್ಟಿಸಿದ. ಸ್ಪೀಕರಿನ ಕಾಗದದ ಕೋನು ಟಪ್ಪೆಂದು ಮುಂದೆ ಜಿಗಿಯಿತು. ಶೆಲ್ಲನ್ನು ತಿರುಗಿಸಿ ಮುಟ್ಟಿಸಿದ. ಕೋನು ಹಿಂದೆ ಸರಿಯಿತು. ಪಕ್ಕಪಕ್ಕದಲ್ಲಿರುವ ಎರಡು ಸ್ಪೀಕರುಗಳಲ್ಲಿ ಒಂದಕ್ಕೆ ವೈರು ಉಲ್ಟಾ ಆದರೆ, ಒಂದು ಗಾಳಿಯನ್ನು ನೂಕುವಾಗ ಇನ್ನೊಂದು ಎಳೆಯುತ್ತದೆ. ಎರಡರ ಶ್ರಮವೂ ವ್ಯರ್ಥವಾಗಿ, ತಬಲಾದ ಡಗ್ಗಾದಂತಹ ದಪ್ಪ ದನಿಗಳು ಸತ್ತು ಹೋಗುತ್ತವೆ ಎಂದು ಅವನ ಮಾತಿನಲ್ಲಿ ವಿವರಿಸಿದ. ಅಯಸ್ಕಾಂತ ಕ್ಷೇತ್ರದಲ್ಲಿರುವ ತಂತಿಯ ಮೇಲಿನ ಬಲವನ್ನು ನಾನು ಬಾಯಿಪಾಠ ಮಾಡಿದ್ದೆ, ಮಾಡಿಸಿದ್ದೆ. ಅದು ಕದಲುವುದನ್ನು ಕಣ್ಣಾರೆ ಕಂಡದ್ದು ಅಂದೇ. ಪಾಠದ ಮೂರು ಅವಧಿಗಳಲ್ಲಿ ಆಗದಿದ್ದುದು ಒಂದು ಶೆಲ್ಲಿನಿಂದ ಆಯಿತು.

"ಕಾಕಾ ಇದು ಸಾಲಿಗೇ ಇರಲಿ ಅಂದಾರ್ರಿ" ಎಂದು ಹುಡುಗ ಆ ಸ್ಪೀಕರನ್ನು ಮೇಜಿನ ಮೇಲೆ ಬಿಟ್ಟು ಹೋದ. ನನ್ನಿಂದ ಬೈಸಿಕೊಂಡ ಮನುಷ್ಯ ಕಳುಹಿಸಿದ ಕಾಣಿಕೆ ಅದು. ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು: ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ, ನಿವೃತ್ತಿಯವರೆಗೆ, ಎಲ್ಲಿಗೆ ವರ್ಗವಾದರೂ ನಾನು ತರಗತಿಗೆ ತರುತ್ತಿದ್ದ ಹರಕು ಕಾಗದದ ಸ್ಪೀಕರ್ ಅದೇ. ಅದನ್ನು ಕೊಟ್ಟವರು ಯಾರೆಂದು ನಾನು ನಿಮಗೆ ಹೇಳಲಿಲ್ಲ. ಆ ಹುಡುಗ ಐಟಿಐ ಮುಗಿಸಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟು, ಚೆನ್ನಾಗಿ ಬಾಳಿದ್ದಾನೆ. ಅವನಿಗೆ ಕೆಲಸ ಕಲಿಸಿದವರು ಕಾಕಾ. ಶಾಲೆ ಬಿಡದಂತೆ ನೋಡಿಕೊಂಡವನು ನಾನು. ಇಬ್ಬರೂ ಬೇಕಾಗಿತ್ತೆಂದು ಈಗ ತೋರುತ್ತದೆ. ಆದರೆ ವಿದ್ಯೆಯ ಬೆಲೆ ಗೊತ್ತಿಲ್ಲವೆಂದು ಅವರಿಗೆ ಹೇಳಿದ ಮಾತು ಸುಳ್ಳಾಗಿತ್ತು.

ಇನ್ನೊಂದು ಋಣವಿದೆ. ನಮ್ಮ ತಂದೆಯವರು ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದರು. 1988ರಲ್ಲಿ ಕಾಕಾ ಅವರನ್ನು ಅಂಗಡಿಗೆ ಕರೆಸಿ, ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ತುಂಬಿಕೊಂಡರು. ತಂದೆಯವರು 1993ರಲ್ಲಿ ತೀರಿಕೊಂಡರು. ಕೆಲವು ವರ್ಷಗಳ ನಂತರ ನನ್ನ ಅಲಕ್ಷ್ಯದಿಂದ ಆ ಟೇಪು ಸೆಟ್ಟಿನೊಳಗೆ ಸುತ್ತಿಕೊಂಡು ಹರಿಯಿತು. ಅದನ್ನು ಒಯ್ದಾಗ ನನ್ನ ಕೈ ನಡುಗುತ್ತಿತ್ತು. ಕಾಕಾ ಮುದುಡಿದ ಭಾಗವನ್ನು ಬ್ಲೇಡಿನಿಂದ ಕತ್ತರಿಸಿ, ತುದಿಗೆ ತುದಿ ಕೂಡಿಸಿ, ಹಿಂದಿನಿಂದ ಅಂಟುಪಟ್ಟಿ ಹಚ್ಚಿ, ಮೆಲ್ಲಗೆ ಸುತ್ತಿದರು. ಬಳಿಕ ಅವರಾಗಿಯೇ ಹೇಳಿದರು: "ಎರಡು ಸೆಕೆಂಡ್ ಹೋಗ್ಯಾವ್ರಿ ಸರ್. ಉಳಸಲಿಕ್ಕ ಆಗಲಿಲ್ಲ."

ಹೇಳದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಆ ಧ್ವನಿಮುದ್ರಣದಲ್ಲಿ ತಂದೆಯವರು ಎರಡು ಮೂರು ಕಡೆ ಕೆಮ್ಮಿದ್ದಾರೆ. ಹೇಗೂ ಕತ್ತರಿಸುತ್ತಿದ್ದೀರಿ, ಆ ಕೆಮ್ಮನ್ನೂ ತೆಗೆದುಬಿಡಿ ಎಂದೆ. ಕಾಕಾ ತಲೆಯೆತ್ತಿ ನೋಡಿದರು. "ಕೆಮ್ಮೂ ಅವರದೇ ಅಲ್ಲೇನ್ರಿ?" ಎಂದರು. ತೆಗೆಯಲಿಲ್ಲ. ಈಗ ಅದು ಮಗನ ಕಂಪ್ಯೂಟರಿನಲ್ಲಿದೆ. ಇಂದು ಪದಗಳಿಗಿಂತ ಹೆಚ್ಚಾಗಿ ನಾನು ಕಾಯುವುದು ಆ ಕೆಮ್ಮಿಗೆ. ಅದು ಬಂದಾಗ ತಂದೆಯವರು ಪಡಸಾಲೆಯಲ್ಲಿ ಕುಳಿತಿದ್ದಾರೆ ಎನ್ನಿಸುತ್ತದೆ.

ಮುಂದಿನದು ಎಲ್ಲ ಊರುಗಳ ಕಥೆಯೇ. ಟಿವಿ ಬಂತು, ಸಿಡಿ ಬಂತು, ನೂರಾರು ಹಾಡುಗಳ ಎಂಪಿಥ್ರೀ ಬಂತು, ಕೊನೆಗೆ ಮೊಬೈಲು ಎಲ್ಲವನ್ನೂ ನುಂಗಿತು. ಅಂಗಡಿಯ ಮುಂಭಾಗದಲ್ಲಿ ರೀಚಾರ್ಜ್ ಬೋರ್ಡು ಬಿತ್ತು. ಕಾಕಾ ಹಿಂದಿನ ಮೂಲೆಗೆ ಸರಿದರು. ವಿಧಿಯ ಆಟವೆಂದರೆ, ಊರಿಗೆಲ್ಲ ಕೇಳುವುದನ್ನು ಕಲಿಸಿದ ಅವರಿಗೆ ಕಡೆಯ ವರ್ಷಗಳಲ್ಲಿ ಕಿವಿ ಕೇಳದಾಯಿತು.

ಎರಡು ವರ್ಷಗಳ ಹಿಂದೆ ಕಡೆಯ ಬಾರಿ ಅವರ ಮನೆಗೆ ಹೋಗಿದ್ದೆ. ಮೊಮ್ಮಗ ಹಳೆಯ ಸೆಟ್ಟಿನಲ್ಲಿ ಹಾಡು ಹಚ್ಚಿದ್ದ. ಕಾಕಾ ಎದ್ದು ಹೋಗಿ ಒಂದು ಸ್ಪೀಕರಿನ ಮೇಲೆ ಬೆರಳುಗಳನ್ನಿಟ್ಟರು, ಆಮೇಲೆ ಇನ್ನೊಂದರ ಮೇಲೆ, ಆಮೇಲೆ ಎರಡರ ಮೇಲೂ. "ಒಂದರ ವೈರ್ ಉಲ್ಟಾ ಅದ ನೋಡಪಾ" ಎಂದರು. ಹುಡುಗ ಹಿಂದೆ ಬಗ್ಗಿ ನೋಡಿದ. ಹೌದು, ಉಲ್ಟಾ ಇತ್ತು.

ಅಂದು ನಾನು ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಆದರೆ ಅವರಿಗೆ ಕೇಳಿಸಬೇಕಾದರೆ ಕೂಗಿ ಹೇಳಬೇಕಾಗಿತ್ತು. ಸೊಸೆ, ಮೊಮ್ಮಕ್ಕಳು, ನೆರೆಯವರು ಅಲ್ಲಿಯೇ ಇದ್ದರು. ಇನ್ನೊಮ್ಮೆ ಬಂದಾಗ ಹೇಳೋಣವೆಂದು ಚಹಾ ಕುಡಿದು ಎದ್ದು ಬಂದೆ. ನಾಲ್ಕು ಜನರ ಮುಂದೆ ಬೈಯಲು ನಾಚದ ಬಾಯಿ, ನಾಲ್ಕು ಜನರ ಮುಂದೆ ತಪ್ಪಾಯಿತೆನ್ನಲು ನಾಚಿತು. ಇನ್ನೊಮ್ಮೆ ಎಂಬುದು ಬರಲಿಲ್ಲ.

ನೀವೆಲ್ಲ ನನ್ನ ಮುಂದೆ ಬೆಂಚಿನ ಮೇಲೆ ಕುಳಿತವರು. ಆದ್ದರಿಂದ ನಿಮ್ಮೆಲ್ಲರ ಎದುರಿಗೆ ಹೇಳುತ್ತಿದ್ದೇನೆ: ಕಾಕಾ, ಅಂದು ತಪ್ಪು ನನ್ನದಾಗಿತ್ತು.

ನಿಮ್ಮ ಮನೆಯ ಅಟ್ಟದ ಮೇಲೆ ಅವರು ತುಂಬಿಕೊಟ್ಟ ಕ್ಯಾಸೆಟ್ಟುಗಳಿದ್ದರೆ ಎಸೆಯಬೇಡಿ. ಹಿರಿಯರ ದನಿ ಇರುವುದನ್ನು ಮೊದಲು ಉಳಿಸಿಕೊಳ್ಳಿ. ಕೆಮ್ಮಿದ್ದರೆ ಅದನ್ನೂ ಬಿಡಬೇಡಿ.