ನೋವು ಎಲ್ಲಿದೆ?

ಮ್ಯಾರಥಾನ್ 42.195 ಕಿ.ಮೀ.; ಅದಕ್ಕಿಂತ ಉದ್ದದ ಓಟವೆಲ್ಲ ಅಲ್ಟ್ರಾ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ‘ಮಲ್ನಾಡ್ ಅಲ್ಟ್ರಾ’ದ 50 ಕಿ.ಮೀ. ಓಟಕ್ಕೆಂದು ನಾನು ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಅಭ್ಯಾಸ ಮಾಡುತ್ತೇನೆ. ಇಲ್ಲಿ ಮೊದಲು ಕಲಿಯಬೇಕಾದುದು ನೋವುಗಳ ವ್ಯತ್ಯಾಸ. ಎರಡೂ ತೊಡೆಗಳಲ್ಲಿ ಹರಡಿದ ನೋವು ಸಾಮಾನ್ಯವಾಗಿ ದಣಿವಿನದು. ನಿಧಾನಿಸಿ, ಉಪ್ಪು ಹಾಕಿದ ಮಜ್ಜಿಗೆ ಕುಡಿದು ಮುಂದುವರಿಯಬಹುದು. ಮೊಣಕಾಲಿನ ಒಂದೇ ಜಾಗದಲ್ಲಿ ಚುಚ್ಚಿ, ಹೆಜ್ಜೆಹೆಜ್ಜೆಗೂ ಹೆಚ್ಚಿದರೆ ನಿಲ್ಲಲೇಬೇಕು. ಅಂಥ ನೋವು ಬಂದಾಗ ನಾನು ಎರಡು ವಾರ ಓಟ ಬಿಟ್ಟೆ.

ಮಳವಳ್ಳಿ ತಾಲ್ಲೂಕಿನ ಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ಏಳನೇ ತರಗತಿಯ ಹುಡುಗಿಯೊಬ್ಬಳು ಕಿರುಪರೀಕ್ಷೆಯ ಹಾಳೆ ಮಡಚಿಟ್ಟು, “ನಂಗೆ ಲೆಕ್ಕ ಬರಾಕಿಲ್ಲ ಮಿಸ್” ಎಂದಳು. “ಇನ್ನೂ ಪ್ರಯತ್ನ ಮಾಡು” ಎಂದರೆ ಪೆಟ್ಟಾದ ಕಾಲಿಗೆ ಇನ್ನಷ್ಟು ಓಡು ಎಂದಂತೆ. ಬದಲಿಗೆ ಐದು ಲೆಕ್ಕಗಳ ನೈದಾನಿಕ ಪರೀಕ್ಷೆ ಕೊಟ್ಟೆ. ಭಿನ್ನರಾಶಿಯ ಗುಣಾಕಾರ ಸರಿಯಿತ್ತು; ಸಂಕಲನದಲ್ಲಿ ಮಾತ್ರ 1/2 + 1/3 = 2/5 ಎಂದಿತ್ತು. ಕಾಗದದ ಪಟ್ಟಿಯನ್ನು ಆರು ಸಮಭಾಗವಾಗಿ ಮಡಚಿದೆವು: ಅರ್ಧಕ್ಕೆ ಮೂರು, ಮೂರನೇ ಒಂದಕ್ಕೆ ಎರಡು, ಒಟ್ಟು ಐದು. “ಅರ್ಧಕ್ಕೆ ಸೇರ್ಸಿದ್ರೆ ಅರ್ಧಕ್ಕಿಂತ ಕಮ್ಮಿ ಹೆಂಗಾಯ್ತದೆ?” ಎಂದು ಅವಳೇ ಕೇಳಿದಳು.

ಪರಿಹಾರ ಬೋಧನೆಯ ಯೋಜನೆ ಬರೆಯುವ ಸಹಪಾಠಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಮಗುವಿಗೆ ಧೈರ್ಯ ಹೇಳುವ ಮೊದಲು ನೋವಿನ ಜಾಗ ಹುಡುಕಿ.