ಜೋಗದ ಪಟವೂ ಅತ್ತೆಯ ಕಣ್ಣೂ

ನೆರೆಕರೆಯ ನಾಕು ಮನೆಯವು ಸೇರಿ ಬಪ್ಪ ವಾರ ಜೋಗಕ್ಕೆ ಹೆರಟಿದವು. ಮಳೆಲಿ ಪಟ ತೆಗವದು ಹೇಂಗೆ ಹೇಳಿ ಎನ್ನತ್ತರೆ ಕೇಳಿದವು. ಎನಗೆಂತ ದೊಡ್ಡ ವಿದ್ಯೆ ಗೊಂತಿಲ್ಲೆ. ಕಳುದ ವರ್ಷ ಒಂದು ತಪ್ಪು ಮಾಡಿ ಕಲ್ತಿದೆ, ಅದನ್ನೇ ಹೇಳ್ತೆ.

ಅತ್ತೆಗೆ ಕಣ್ಣಿನ ಪೊರೆಯ ಆಪರೇಶನ್ ಆಗಿ ಎರಡು ತಿಂಗಳು ಕಳುದಿತ್ತು. "ಇನ್ನಾದರೂ ಜೋಗ ಸರಿಯಾಗಿ ನೋಡೆಕ್ಕು" ಹೇಳಿದವು. ಲಿಂಗನಮಕ್ಕಿ ಅಣೆಕಟ್ಟು ಆದ ಮತ್ತೆ ಬೇಸಗೆಲಿ ಅಲ್ಲಿ ನೀರು ಸಪುರ, ಹಾಂಗಾಗಿ ಆಗಸ್ಟಿಲಿ ಹೋದೆಯ°. ಆದರೆ ಮಳೆಗಾಲಲ್ಲಿ 253 ಮೀಟರು ಕೆಳ ಬಿದ್ದ ನೀರು ಹೊಗೆಯಾಗಿ ಮೇಲೆ ಬಂದು ಗುಂಡಿ ಇಡೀ ಮುಚ್ಚುತ್ತು. ರಾಜ, ರಾಣಿ, ರೋರರ್, ರಾಕೆಟ್ ಒಂದೂ ಇಲ್ಲೆ, ಎದುರು ಬರೇ ಬೆಳಿ. ಸುಮಾರು ಜೆನ ಐದು ನಿಮಿಷ ನಿಂದು, ಬೈದೊಂಡು ವಾಪಾಸು ಹೋದವು. ಎಂಗೊ ಕೊಡೆಯ ಅಡಿಲಿ ಹಲಸಿನ ಹಪ್ಪಳ ತಿಂದೊಂಡು ಮುಕ್ಕಾಲು ಗಂಟೆ ಕಾದೆಯ°. ಅಲ್ಲಿ ಕಾಯದ್ದೆ ಆಗ. ಗಾಳಿ ಒಂದರಿ ತಿರುಗಿತ್ತು, ನಾಲ್ಕೂ ಒಟ್ಟಿಂಗೆ ಕಂಡತ್ತು! ಅತ್ತೆಯ ಕಂಬಿಯ ಹತ್ತರೆ ನಿಲ್ಸಿ ಗಡಿಬಿಡಿಲಿ ಹತ್ತು ಪಟ ತೆಗದೆ.

ಮನೆಗೆ ಬಂದು ಅತ್ತೆ ಮೊಬೈಲಿನ ಹತ್ತರೆ ಹಿಡುದು ನೋಡಿದವು, ದೂರ ಹಿಡುದು ನೋಡಿದವು, ಮಾತಾಡದ್ದೆ ಮಡುಗಿದವು. ಎರಡು ದಿನ ಪೇಪರು ಮುಟ್ಟಿದ್ದವಿಲ್ಲೆ. ಮೂರನೇ ದಿನ ಮಾವನತ್ತರೆ ಹೇಳ್ತದು ಅಡಿಗೆಕೋಣೆಗೆ ಕೇಳಿತ್ತು: "ಎನ್ನ ಮೋರೆಯೇ ಎನಗೆ ಕಾಣ್ತಿಲ್ಲೆ. ಪೊರೆ ಪುನಃ ಬಂತೊ ಏನೊ. ಅಷ್ಟು ಪೈಸೆ ದಂಡ ಆತು."

ಆನು ಓಡಿ ಹೋಗಿ ಪಟ ನೋಡಿದೆ. ಅತ್ತೆಯ ಕಣ್ಣಿಂಗೆ ಎಂತದೂ ಆಯಿದಿಲ್ಲೆ, ಪಟಲ್ಲಿ ಮೋರೆಯೇ ಮಸಿ! ಬೆನ್ನಹಿಂದೆ ಅಷ್ಟು ಬೆಣಚ್ಚು ಇಪ್ಪಗ ಮೊಬೈಲು ಅದಕ್ಕೇ ಹೊಂದುಸಿಗೊಂಡು ಎದುರು ನಿಂದವರ ಕಪ್ಪು ಮಾಡ್ತು. ಅಷ್ಟಪ್ಪಗ ಸ್ಕ್ರೀನಿಲಿ ಮೋರೆಯ ಮೇಲೆ ಒಂದರಿ ಬೆರಳು ಒತ್ತೆಕ್ಕು. ಸೂರ್ಯನ ಹಾಂಗಿಪ್ಪ ಗುರ್ತು ಬಂದರೆ ಅದರ ರಜ ಮೇಲೆ ಎಳದರೆ ಮೋರೆ ಬೆಳಗುತ್ತು. ಹಿಂದಾಣ ಜಲಪಾತ ರಜ ಮಾಸುಗು, ಮಾಸಲಿ. ಅದರ ಪಟ ಬೇರೆಯೇ ತೆಗವಲೆ ಅಕ್ಕನ್ನೆ.

ಇನ್ನೊಂದು: ಏಸಿ ಕಾರಿಂದ ಇಳುದ ಕೂಡ್ಲೆ ತೆಗೆಯೆಡಿ. ತಂಪಿನ ಮೊಬೈಲಿಂಗೆ ಹೆರಾಣ ಚೆಂಡಿ ಗಾಳಿ ತಾಗಿ ಅದರ ಕಣ್ಣಿಂಗೂ ಪೊರೆ ಬತ್ತು. ರಜ ಹೊತ್ತು ಬಿಟ್ಟು, ಒಣಗಿದ ಹತ್ತಿ ವಸ್ತ್ರಲ್ಲಿ ಉದ್ದಿ. ಸೆರಗು ಬೇಡ, ಅದು ಆಗಳೇ ಚೆಂಡಿ ಆಗಿರ್ತು.

ಮರದಿನ ಉದಿಯಪ್ಪಗ ಮಳೆ ಹನಿಕ್ಕೊಂಡಿತ್ತು. ಅತ್ತೆಯ ಜೆಗಿಲಿಲಿ ಜಾಲಿಂಗೆ ಮೋರೆ ಮಾಡಿ ಕೂರ್ಸಿ ಒಂದೇ ಪಟ ತೆಗದೆ. ಮುಗಿಲಿನ ಬೆಣಚ್ಚು ಮೋರೆಗೆ ಮೆತ್ತಂಗೆ ಬಿದ್ದಿತ್ತು. ಅತ್ತೆ ದೊಡ್ಡ ಮಾಡಿ, ಸುಮಾರು ಹೊತ್ತು ನೋಡಿದವು.

"ಎಂತ ಕೂಸೆ, ಇಷ್ಟು ನೆರಿಗೆ ಇದ್ದಾ ಎನ್ನ ಮೋರೆಲಿ? ಪೊರೆ ಇಪ್ಪಗಳೇ ಚೆಂದ ಇತ್ತು" ಹೇಳಿಕ್ಕಿ, ಪೇಪರು ಹುಡುಕ್ಕಿಗೊಂಡು ಒಳ ಹೋದವು.