ಗರಿಕೆಯ ತಲೆಯ ಕಾಡಿಗೆ



ಈ ಸಲದ ಬರಹ ನಾನು ತೀರಿಸದೆ ಉಳಿಸಿಕೊಂಡಿರುವ ಒಂದು ಹಳೆಯ ಸಾಲವನ್ನು ಕುರಿತದ್ದು. ಸಾಲ ಹಣದ್ದಲ್ಲ, ಒಂದು ಉತ್ತರದ್ದು.

1984ರ ನವೆಂಬರ್ ತಿಂಗಳು. ಅರಸೀಕೆರೆಯಿಂದ ಒಂಬತ್ತನೆಯ ತರಗತಿಯ ಮಕ್ಕಳನ್ನು ಹಳೇಬೀಡು, ಬೇಲೂರುಗಳಿಗೆ ಪ್ರವಾಸ ಕರೆದೊಯ್ದಿದ್ದೆವು. ಹೊಯ್ಸಳೇಶ್ವರ ದೇವಾಲಯದ ಹೊರಗೆ ಕುಳಿತಿರುವ ದೊಡ್ಡ ಗಣಪನನ್ನು ಕಂಡ ಒಬ್ಬ ಹುಡುಗ, ಹುಲ್ಲಿನಲ್ಲಿ ಗರಿಕೆ ಹುಡುಕತೊಡಗಿದ. ಅವನ ಕೈಗೆ ಸಿಕ್ಕಿದ್ದು ತೆನೆಯೆಲ್ಲ ಮಸಿ ಬಳಿದಂತೆ ಕಪ್ಪಾಗಿದ್ದ ಗರಿಕೆ. ಬೆರಳಿಗೂ ಅಂಗಿಗೂ ಕಪ್ಪು ಪುಡಿ ಮೆತ್ತಿಕೊಂಡಿತ್ತು. ಜೊತೆಯವರು ನಕ್ಕರು.

"ಸಾರ್, ನಮ್ಮ ಹೊಲದ ಬದುವಿನಲ್ಲೂ ಪ್ರತಿ ವರ್ಷ ಹೀಗೇ ಆಗುತ್ತೆ. ರೋಗ ಬಂದರೂ ಗರಿಕೆ ಯಾಕೆ ಸಾಯಲ್ಲ?" ಎಂದು ಕೇಳಿದ.

"ಗಲೀಜು ಬಿಸಾಡಿ ಕೈ ತೊಳೆದುಕೊಂಡು ಬಾರಯ್ಯ, ಸಾಲು ತಪ್ಪಬೇಡ" ಎಂದು ಗದರಿದೆ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. ಆ ವರ್ಷ ಅವನು ತರಗತಿಯಲ್ಲಿ ಮತ್ತೆ ಕೈ ಎತ್ತಲಿಲ್ಲ.

ಹೊಯ್ಸಳರ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಮೊಮ್ಮಗಳೊಂದಿಗೆ ಮತ್ತೆ ಹಳೇಬೀಡಿಗೆ ಹೋಗಿದ್ದೆ. ಕೆರೆಯ ಕಡೆಗೆ ನಡೆಯುವಾಗ ದಾರಿಯ ಪಕ್ಕದಲ್ಲಿ ಅದೇ ಕಪ್ಪು ತೆನೆಯ ಗರಿಕೆ! ಹಿಂದಿರುಗಿದವನು, ನಿವೃತ್ತನಿಗೆ ಬೇಕಾದಷ್ಟಿರುವ ಬಿಡುವನ್ನು ಓದಿಗೆ ಕೊಟ್ಟೆ.

ಅದು ಗಲೀಜಲ್ಲ. ಉಸ್ಟಿಲಾಗೊ ಸೈನೊಡಾಂಟಿಸ್ ಎಂಬ ಶಿಲೀಂಧ್ರ. ಜೋಳಕ್ಕೆ ಬರುವ ಕಾಡಿಗೆ ರೋಗದ ಬಳಗದ್ದು. ಗಿಡದ ಒಳಗೆ, ನೆಲದಡಿಯ ಕಾಂಡದಲ್ಲಿಯೂ, ವರ್ಷಾನುಗಟ್ಟಲೆ ಅಡಗಿರುತ್ತದೆ. ಗರಿಕೆ ತೆನೆ ಬಿಡುವಾಗ ಬೀಜವಾಗಬೇಕಾದ ಜಾಗದಲ್ಲಿ ತನ್ನ ಕಪ್ಪು ಬೀಜಕಣಗಳನ್ನು ತುಂಬುತ್ತದೆ. ಗಿಡವನ್ನು ಕೊಲ್ಲುವುದಿಲ್ಲ, ಬೀಜವನ್ನಷ್ಟೇ ಕಸಿಯುತ್ತದೆ. ಗರಿಕೆಗಾದರೋ ಬೀಜವೊಂದೇ ದಾರಿಯಲ್ಲ. ಅದು ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಹಬ್ಬುವ ಹುಲ್ಲು. ಆದ್ದರಿಂದ ರೋಗವಿರುವ ಗರಿಕೆಯೂ ಬದುಕಿ ಹಬ್ಬುತ್ತದೆ. ಇದು ಉತ್ತರದ ಅರ್ಧ.

ಇನ್ನರ್ಧ ಅನುವಂಶೀಯತೆಯದು. ಅಮೆರಿಕದ ನಾರ್ತ್ ಡಕೋಟದಲ್ಲಿ ಹೆರಾಲ್ಡ್ ಫ್ಲೋರ್ ಎಂಬ ವಿಜ್ಞಾನಿ 1940ರ ದಶಕದಲ್ಲಿ ಅಗಸೆಯ ತುಕ್ಕು ರೋಗವನ್ನು ಅಭ್ಯಸಿಸಿ, ಗಿಡದ ಪ್ರತಿಯೊಂದು ನಿರೋಧಕ ವಂಶವಾಹಿಗೂ ಪ್ರತಿಯಾಗಿ ಶಿಲೀಂಧ್ರದಲ್ಲಿ ಒಂದು ವಂಶವಾಹಿ ಇರುವುದನ್ನು ತೋರಿಸಿದರು. ಬೀಗಕ್ಕೊಂದು ಬೀಗದ ಕೈ ಇದ್ದಂತೆ. ಆಸ್ಟ್ರೇಲಿಯದ ಕಾಡು ಅಗಸೆಯಲ್ಲಿ ಜೆರೆಮಿ ಬರ್ಡನ್, ಪೀಟರ್ ಥ್ರಾಲ್ ಮುಂದುವರಿಸಿದ ಅಧ್ಯಯನ ಇನ್ನೂ ಸ್ವಾರಸ್ಯದ್ದು. ಅಲ್ಲಿ ಒಂದೊಂದು ಗುಂಪಿನ ಗಿಡಗಳ ಬೀಗಗಳೂ ಬೇರೆ ಬೇರೆ. ಎಲ್ಲ ಬೀಗಗಳನ್ನೂ ತೆರೆಯುವ ತುಕ್ಕು ಏಕೆ ಗೆದ್ದುಬಿಡುವುದಿಲ್ಲ? 2003ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಹೆಚ್ಚು ಬೀಗಗಳನ್ನು ತೆರೆಯಬಲ್ಲ ತುಕ್ಕು ಕಡಿಮೆ ಬೀಜಕಣಗಳನ್ನು ಹೆರುತ್ತದೆ. ಜಾಣತನಕ್ಕೂ ತೆರಿಗೆ ಉಂಟು. ಹೀಗಾಗಿ ಕಾಡಿನಲ್ಲಿ ಗಿಡವೂ ಪೂರ್ತಿ ಸೋಲುವುದಿಲ್ಲ, ರೋಗವೂ ಪೂರ್ತಿ ಗೆಲ್ಲುವುದಿಲ್ಲ.

ಬೀಗಗಳೆಲ್ಲ ಒಂದೇ ಆದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ಅಂದು ನಮ್ಮ ಬಸ್ಸು ಹಳೇಬೀಡಿನಿಂದ ಬೇಲೂರಿಗೆ ಹೊರಟಿತ್ತು; ಬೇಲೂರು ದಾಟಿದರೆ ಕಾಫಿಯ ಸೀಮೆ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ಸ್ವಲ್ಪ ಕಾಲದಲ್ಲೇ ನಮ್ಮ ಕಾಫಿಗೂ ಬಂತು. ಕೆಂಟ್ ಎಂಬ ತೋಟದ ಮಾಲೀಕ 1911ರಲ್ಲಿ ತುಕ್ಕು ತಡೆಯುವ ಗಿಡವನ್ನು ಆರಿಸಿ ಬೆಳೆಸಿದ. ತೋಟದ ಮೇಲೆ ತೋಟಗಳಲ್ಲಿ ಅದೇ ತಳಿ ನೆಟ್ಟರು. ಕಾಲಕ್ರಮದಲ್ಲಿ ಆ ಬೀಗಕ್ಕೂ ಕೈ ಹುಟ್ಟಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾಯಿತು. ತುಕ್ಕಿನಲ್ಲೇ ಹಲವು ಪಂಗಡಗಳಿವೆಯೆಂದು ಅಲ್ಲಿಯ ಮೇನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಗುರುತಿಸಿದರು. ಬಳಿಕ ಬಂದ ಎಸ್. 795 ತಳಿಯನ್ನು ಇಂದಿಗೂ ಬೆಳೆಯುತ್ತಾರೆ. ಆದರೆ ಅದಕ್ಕೂ ತುಕ್ಕು ತಗಲುತ್ತದೆ.

ಮೂವತ್ತಕ್ಕೂ ಹೆಚ್ಚು ವರ್ಷ ಮೇಷ್ಟ್ರಾಗಿದ್ದ ನಾನು ಮಕ್ಕಳನ್ನು ತೋಟದ ಸಾಲಿನಂತೆ ನಿಲ್ಲಿಸುವುದನ್ನೇ ಶಿಸ್ತು ಎಂದುಕೊಂಡಿದ್ದೆ. ಬದುವಿನ ಗರಿಕೆಯನ್ನು ವರ್ಷವರ್ಷವೂ ಕಣ್ಣಿಟ್ಟು ನೋಡಿದ್ದವನು ಒಬ್ಬನೇ ಒಬ್ಬ. ಅವನನ್ನೇ ಸಾಲಿಗೆ ಅಟ್ಟಿದೆ. ಅವನು ನೋಡಿದ್ದು ವಿಜ್ಞಾನ, ನಾನು ಮಾಡಿದ್ದು ಹಾಜರಿ.

ಹೆಸರು ಬರೆಯುವುದಿಲ್ಲ. ಇದನ್ನು ಓದಿದರೆ ನಿನಗೇ ತಿಳಿಯುತ್ತದೆ. ನಿನ್ನ ಪ್ರಶ್ನೆಗೆ ನನ್ನ ಕೈಲಾದ ಉತ್ತರ ಇದು, ಬಹಳ ತಡವಾಯಿತು. ಬದುವಿನ ಗರಿಕೆ ಈ ವರ್ಷವೂ ಕಪ್ಪಾಗಿದೆಯೇ, ಎಲ್ಲ ಕಡೆಯೂ ಆಗಿದೆಯೋ ಅಲ್ಲಲ್ಲಿ ಮಾತ್ರವೋ, ನೋಡಿ ಬರೆ. ನನ್ನ ಮಾತಿನಲ್ಲಿ ತಪ್ಪಿದ್ದರೆ ಕೈ ಎತ್ತು. ಈ ಸಲ ಗದರುವುದಿಲ್ಲ.

ನಿಮ್ಮ ಮೇಷ್ಟ್ರು